112 ಒತ್ತಿದರೆ ಫೋನ್ ಎತ್ತುವುದು ಯಾರು?

ಹೀಗೊಂದು ಸನ್ನಿವೇಶ ಅಂದುಕೊಳ್ಳಿ. ಮಗಳು ಪುಣೆಯಲ್ಲಿ, ತಾಯಿ ಧಾರವಾಡದಲ್ಲಿ. ಬೆಳಗ್ಗೆ ಆರೂವರೆಗೆ ತಾಯಿಯ ಫೋನು: "ಬಚ್ಚಲದಾಗ ಜಾರಿ ಬಿದ್ದೀನವ್ವಾ, ಏಳಾಕ ಆಗವಲ್ದು." ಮಗಳು ಗಾಬರಿಯಲ್ಲಿ 108 ಒತ್ತುತ್ತಾಳೆ. ಕರೆ ಕೂಡಲೇ ಸಿಗುತ್ತದೆ. ಆದರೆ ಆಚೆಯ ದನಿ ಮರಾಠಿಯದು. ಅದು ಕೇಳುವುದು ಪುಣೆಯ ಯಾವ ಭಾಗಕ್ಕೆ ಗಾಡಿ ಬೇಕು ಅಂತ. "ಧಾರವಾಡಕ್ಕೆ" ಎಂದರೆ ಆ ಕಡೆ ಒಂದು ಕ್ಷಣ ಮೌನ.

ಇಲ್ಲಿ ಯಾರದೂ ತಪ್ಪಿಲ್ಲ. ಮಗಳು ಒತ್ತಿದ ನಂಬರು ಸರಿ, ಫೋನಿನ ಜಾಲ ಆ ಕರೆಯನ್ನು ಮುಟ್ಟಿಸಿದ ಜಾಗವೂ ಸರಿ. 100, 108, 112, 1930 ತರಹದ ಪುಟ್ಟ ನಂಬರುಗಳು ಕೆಲಸ ಮಾಡುವ ಬಗೆಯೇ ಹೀಗೆ. ಗೋಡೆಯ ಮೇಲೆ, ಬಸ್ಸಿನ ಹಿಂದೆ, ಬ್ಯಾಂಕಿನ ಮೆಸೇಜಿನಲ್ಲಿ ಅವನ್ನು ದಿನಾ ನೋಡುತ್ತೇವೆ. ಅವು ಮಾಮೂಲಿ ಫೋನ್ ನಂಬರಿಗಿಂತ ಹೇಗೆ ಬೇರೆ ಅನ್ನುವುದು ಮಾತ್ರ ಬೇಕಾದ ಹೊತ್ತಿಗೆ ಗೊತ್ತಿರುವುದಿಲ್ಲ.

## ಕೂಗು ಒಂದೇ, ಅಜ್ಜಿ ಬೇರೆ ಬೇರೆ

ಮದುವೆ ಮನೆಯಲ್ಲಿ ಇಪ್ಪತ್ತು ಮಕ್ಕಳು ಓಡಾಡುತ್ತಿರುತ್ತಾರೆ. ಎಲ್ಲರೂ "ಅಜ್ಜೀ" ಅಂತಲೇ ಕೂಗುತ್ತಾರೆ. ಪದ ಒಂದೇ ಆದರೂ ಪ್ರತಿ ಕೂಗಿಗೂ ತಿರುಗಿ ನೋಡುವ ಅಜ್ಜಿ ಬೇರೆ. ಯಾವ ಅಜ್ಜಿ ಎಂಬುದು ಕೂಗಿದ ಮಗು ಯಾವುದು ಎಂಬುದರ ಮೇಲೆ ನಿಂತಿದೆ.

ನಿಮ್ಮ ಹತ್ತಂಕಿಯ ಮೊಬೈಲ್ ನಂಬರು ಹಾಗಲ್ಲ. ಅದು ಊರು, ಇನಿಷಿಯಲ್ಲು ಎಲ್ಲ ಸೇರಿಸಿ ಬರೆದ ಪೂರ್ತಿ ಹೆಸರಿದ್ದಂತೆ. ಕಾಶ್ಮೀರದಿಂದ ಒತ್ತಿದರೂ ಕಾರವಾರದಿಂದ ಒತ್ತಿದರೂ ರಿಂಗಾಗುವುದು ಅದೇ ಫೋನು. 112 ಮಾತ್ರ 'ಅಜ್ಜಿ' ಎಂಬ ಪದದ ಜಾತಿಯದು. ಅದರ ಹಿಂದೆ ಒಂದು ಉದ್ದನೆಯ ನಿಜವಾದ ನಂಬರು ಇದ್ದೇ ಇದೆ. ಅದು ಯಾವುದೆಂದು ಹುಡುಕುವ ಕೆಲಸ ನಮ್ಮದಲ್ಲ, ಕರೆಗಳನ್ನು ಜೋಡಿಸುವ ಎಕ್ಸ್‌ಚೇಂಜಿನದು. ನಾವು 112 ಒತ್ತಿದಾಗ ಎಕ್ಸ್‌ಚೇಂಜು ತನ್ನ ಪಟ್ಟಿ ತೆಗೆದು, ಈ ದಿಕ್ಕಿನಿಂದ ಬಂದ 112 ಅಂದರೆ ಯಾವ ಕಂಟ್ರೋಲ್ ರೂಮು ಅಂತ ನೋಡಿ, ಕರೆಯನ್ನು ಅಲ್ಲಿಗೆ ತಿರುಗಿಸುತ್ತದೆ. ಲ್ಯಾಂಡ್‌ಲೈನ್ ಆದರೆ ದಿಕ್ಕು ಗೊತ್ತಾಗುವುದು ಸುಲಭ, ತಂತಿ ಎಲ್ಲಿಂದ ಬಂದಿದೆ ಅಂತ ನೋಡಿದರಾಯಿತು. ಮೊಬೈಲ್ ಆದರೆ ಆ ಕ್ಷಣ ನಿಮ್ಮ ಫೋನು ಯಾವ ಟವರನ್ನು ಹಿಡಿದಿದೆ ಅನ್ನುವುದೇ ದಿಕ್ಕು. ಸಿಮ್ ಹುಬ್ಬಳ್ಳಿಯಲ್ಲಿ ತಗೊಂಡಿದ್ದೋ ಹಾಸನದಲ್ಲಿ ತಗೊಂಡಿದ್ದೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ.

ಹೀಗೆ ಮಾಡಿದ್ದಕ್ಕೆ ಕಾರಣವೂ ಸರಿಯಾಗಿದೆ. ಅಪಘಾತವಾದಾಗ ಕರೆ ಮಾಡುವವರು ಸಾಮಾನ್ಯವಾಗಿ ಅಲ್ಲೇ ನಿಂತಿರುತ್ತಾರೆ. ಹೆದ್ದಾರಿಯಲ್ಲಿ ಯಾವುದೋ ಗೊತ್ತಿಲ್ಲದ ತಾಲೂಕಿನಲ್ಲಿ ಕಾರು ಮಗುಚಿದಾಗ ಅಲ್ಲಿಯ ಠಾಣೆಯ ನಂಬರು ಯಾರಿಗೆ ಗೊತ್ತಿರುತ್ತದೆ?

ತೊಂದರೆ ಬರುವುದು ಎರಡು ಕಡೆ. ಒಂದು, ಪುಣೆಯ ಮಗಳಂತೆ ಒಂದೂರಲ್ಲಿ ಕೂತು ಇನ್ನೊಂದೂರಿಗೆ ಸಹಾಯ ಕೇಳಬೇಕಾದಾಗ. ಇನ್ನೊಂದು, ಗಡಿಯಲ್ಲಿ. ಮೊಬೈಲ್ ಸಿಗ್ನಲ್ಲು ಚೆಕ್‌ಪೋಸ್ಟಿನಲ್ಲಿ ನಿಲ್ಲುವುದಿಲ್ಲ. ತಲಪಾಡಿಯಲ್ಲಿ ಕರ್ನಾಟಕದ ಕಡೆ ನಿಂತವರ ಫೋನು ಕೇರಳದ ಕಡೆಯ ಟವರನ್ನು ಹಿಡಿದಿರಬಹುದು. ಆಗ 112 ಎತ್ತುವವರು ಮಲಯಾಳದಲ್ಲಿ ಮಾತಾಡಿದರೆ ಆಶ್ಚರ್ಯವಿಲ್ಲ. ಬೀದರ್, ಬೆಳಗಾವಿ, ಬಳ್ಳಾರಿಯ ಅಂಚಿನ ಊರುಗಳಿಗೂ ಇದೇ ಮಾತು. ಅಂಥ ಜಾಗದಲ್ಲಿ ಮೊದಲ ವಾಕ್ಯದಲ್ಲೇ ರಾಜ್ಯ, ಜಿಲ್ಲೆ, ತಾಲೂಕು ಹೇಳಿಬಿಡುವುದು ಒಳ್ಳೆಯದು.

## ಎಲ್ಲವೂ 1ರಿಂದಲೇ ಯಾಕೆ?

100, 108, 112, 139, 1098, 1912, 1930, 14416. ಎಲ್ಲದರ ಮೊದಲ ಅಂಕಿ 1. ಇದು ಆಕಸ್ಮಿಕವಲ್ಲ. ದೇಶದಲ್ಲಿ ಯಾವ ನಂಬರು ಯಾರಿಗೆ ಎಂದು ಹಂಚುವುದು ಕೇಂದ್ರದ ದೂರಸಂಪರ್ಕ ಇಲಾಖೆ. ಅದರ 2003ರ ರಾಷ್ಟ್ರೀಯ ಸಂಖ್ಯಾ ಯೋಜನೆಯಲ್ಲಿ ಮೊದಲ ಅಂಕಿಯೇ ಕೈಮರ. 0 ಬಂದರೆ ಬೇರೆ ಊರು, 00 ಬಂದರೆ ಬೇರೆ ದೇಶ, 9 ಬಂದರೆ ಮೊಬೈಲು (ಈಗ 6, 7, 8 ಕೂಡ), 2 ಬಂದರೆ ಲ್ಯಾಂಡ್‌ಲೈನು, 1 ಬಂದರೆ ವಿಶೇಷ ಸೇವೆ.

ಹೀಗೆ ಬೇಲಿ ಹಾಕಲೇಬೇಕಾದ ಕಾರಣ ಲ್ಯಾಂಡ್‌ಲೈನಿನಲ್ಲಿದೆ. ಅಲ್ಲಿ ಎಕ್ಸ್‌ಚೇಂಜು ಅಂಕಿಗಳನ್ನು ಒಂದೊಂದಾಗಿ ಕೇಳಿಸಿಕೊಳ್ಳುತ್ತದೆ. ಯಾರದೋ ಮನೆಯ ನಂಬರು 1082345 ಎಂದಿದ್ದರೆ ಏನಾಗುತ್ತಿತ್ತು? ನೀವು 1, 0, 8 ಒತ್ತಿದ ಕೂಡಲೇ ಎಕ್ಸ್‌ಚೇಂಜಿಗೆ ಗೊಂದಲ: ಆಂಬುಲೆನ್ಸಿಗೆ ಕೊಡಲೋ, ಇನ್ನೂ ನಾಲ್ಕು ಅಂಕಿ ಬರಲಿ ಎಂದು ಕಾಯಲೋ? ಕಾಯುತ್ತಾ ಕೂತರೆ ತುರ್ತು ಕರೆಗೆ ಅರ್ಥವಿಲ್ಲ, ಕಾಯದೆ ಕೊಟ್ಟರೆ ಆ ಮನೆಗೆ ಯಾರೂ ಫೋನ್ ಮಾಡಲಾಗದು. ಹಾಗಾಗಿ 1ರಿಂದ ಶುರುವಾಗುವ ನಂಬರನ್ನು ಯಾವ ಮನೆಗೂ ಕೊಡುವುದಿಲ್ಲ. ಮೊಬೈಲಿನಲ್ಲಿ ಹಸಿರು ಗುಂಡಿ ಒತ್ತಿದ ಮೇಲೆ ಪೂರ್ತಿ ನಂಬರು ಒಟ್ಟಿಗೇ ಹೋಗುತ್ತದೆ, ಅಲ್ಲಿ ಈ ಗೊಂದಲವಿಲ್ಲ. ಆದರೆ ಎರಡೂ ಜಾಲಗಳು ಒಂದೇ ಯೋಜನೆಯೊಳಗೆ ಬರುತ್ತವಾದ್ದರಿಂದ ನಿಯಮವೂ ಒಂದೇ.

2021ರ ಜನವರಿ 15ರಿಂದ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡುವಾಗ ಮುಂದೆ 0 ಹಾಕಲೇಬೇಕು ಎಂದಾಯಿತಲ್ಲ, ಅದೂ ಇದೇ ಲೆಕ್ಕ. ಕೈಮರ ಸ್ಪಷ್ಟವಾದಷ್ಟೂ ಹೊಸ ನಂಬರುಗಳಿಗೆ ಜಾಗ ಹೆಚ್ಚು.

## ಬೆರಳು, ಬೀಗ ಮತ್ತು ಹೊಗೆ

ಡಯಲ್ ತಿರುಗಿಸುವ ಫೋನು ಕಂಡವರಿಗೆ ಅದರ ಸದ್ದು ನೆನಪಿರುತ್ತದೆ. ತೂತಿಗೆ ಬೆರಳಿಟ್ಟು ತಿರುಗಿಸಿ ಬಿಟ್ಟರೆ ಡಯಲ್ಲು ಕರಕರ ಎನ್ನುತ್ತಾ ತನ್ನ ಜಾಗಕ್ಕೆ ವಾಪಸಾಗುತ್ತಿತ್ತು. ನಂಬರು ಇದ್ದದ್ದು ಆ ಕರಕರದಲ್ಲೇ. ವಾಪಸಾಗುವಾಗ ಡಯಲ್ಲು ತಂತಿಯಲ್ಲಿ ಹರಿಯುವ ಕರೆಂಟನ್ನು ಕಡಿದು ಕಡಿದು ಜೋಡಿಸುತ್ತದೆ. 1ಕ್ಕೆ ಒಂದು ಕಡಿತ, 5ಕ್ಕೆ ಐದು, 0ಗೆ ಹತ್ತು. ಸೆಕೆಂಡಿಗೆ ಸುಮಾರು ಹತ್ತು ಕಡಿತದ ವೇಗ. ಎಕ್ಸ್‌ಚೇಂಜಿನ ಯಂತ್ರ ಅವನ್ನು ಎಣಿಸುತ್ತದೆ, ಅಷ್ಟೇ.

ಫೋನ್ ಬಿಲ್ಲಿಗೆ ಹೆದರುತ್ತಿದ್ದ ದಿನಗಳಲ್ಲಿ ಮನೆಯ ಹಿರಿಯರು ಡಯಲ್ಲಿನ ತೂತಿಗೆ ಪುಟ್ಟ ಬೀಗ ಜಡಿಯುತ್ತಿದ್ದರು. ಹುಡುಗರು ಅದಕ್ಕೂ ದಾರಿ ಹುಡುಕಿದ್ದರು: ರಿಸೀವರ್ ಕೂರುವ ಗುಂಡಿಯನ್ನೇ ಟಕಟಕ ಕುಟ್ಟುವುದು. ಗುಂಡಿ ಕುಟ್ಟಿದರೂ ಕಡಿಯುವುದು ಅದೇ ಕರೆಂಟು. ಮೂರು ಸಲ ಕುಟ್ಟಿದರೆ 3. ಬೀಗ ಹಾಕಿದ ಫೋನಿನಿಂದ ಪೊಲೀಸರನ್ನು ಕರೆಯಬೇಕಿದ್ದರೆ ಒಂದು ಕುಟ್ಟು, ಆಮೇಲೆ ಹತ್ತು, ಮತ್ತೆ ಹತ್ತು, ಒಟ್ಟು 21. ಇಪ್ಪತ್ತೊಂದನ್ನು ತಪ್ಪದೆ ಕುಟ್ಟುವಷ್ಟು ಸಮಾಧಾನ ಇರುವವರಿಗೆ ಪೊಲೀಸರ ಅಗತ್ಯ ಬಂದಿರಲಿಕ್ಕಿಲ್ಲ ಬಿಡಿ.

ಈ ಎಣಿಕೆ ಗೊತ್ತಿದ್ದರೆ ಬೇರೆ ಬೇರೆ ದೇಶಗಳ ತುರ್ತು ನಂಬರುಗಳ ಗುಟ್ಟು ಬಿಡಿಸಿಕೊಳ್ಳುತ್ತದೆ.

1935ರ ನವೆಂಬರ್ 10ರಂದು ಲಂಡನ್ನಿನ ವಿಂಪೋಲ್ ಸ್ಟ್ರೀಟಿನ ಮನೆಯೊಂದಕ್ಕೆ ಬೆಂಕಿ ಬಿತ್ತು. ಐವರು ಹೆಂಗಸರು ಸತ್ತರು. ನೆರೆಯವರೊಬ್ಬರು ಅಗ್ನಿಶಾಮಕದವರನ್ನು ಕರೆಯಲು ಎಕ್ಸ್‌ಚೇಂಜಿಗೆ ಫೋನ್ ಮಾಡಿದ್ದರು, ಆದರೆ ಅವರ ಕರೆ ಸರದಿಯಲ್ಲಿ ಕಾದು ನಿಂತಿತು. ಸಿಟ್ಟಿನಿಂದ ಅವರು ಪತ್ರಿಕೆಗೆ ಪತ್ರ ಬರೆದರು, ಸರ್ಕಾರ ವಿಚಾರಣೆ ನಡೆಸಿತು. ಕಂಡುಬಂದ ತೊಂದರೆ ಇಷ್ಟು: ಹುಟ್ಟುಹಬ್ಬದ ಹಾರೈಕೆಯ ಕರೆಯಾಗಲಿ ಬೆಂಕಿಯ ಕರೆಯಾಗಲಿ, ಆಪರೇಟರ್ ಮುಂದಿನ ಹಲಗೆಯಲ್ಲಿ ಹೊತ್ತಿಕೊಳ್ಳುವುದು ಒಂದೇ ತರಹದ ದೀಪ. ಯಾವುದನ್ನು ಮೊದಲು ಎತ್ತಬೇಕೆಂದು ಆಪರೇಟರಿಗೆ ಗೊತ್ತಾಗುವುದಾದರೂ ಹೇಗೆ?

1937ರ ಜೂನ್ 30ರಂದು ಲಂಡನ್ನಿನಲ್ಲಿ 999 ಶುರುವಾಯಿತು. ಆ ನಂಬರು ತಿರುಗಿಸಿದರೆ ಎಕ್ಸ್‌ಚೇಂಜಿನಲ್ಲಿ ಕೆಂಪು ದೀಪ ಹೊತ್ತಿ, ಹಾರನ್ನು ಕೂಗುತ್ತಿತ್ತು. (ಹಾರನ್ನಿನ ಅಬ್ಬರ ತಡೆಯಲಾರದೆ ಆಪರೇಟರುಗಳು ಅದರ ಬಾಯಿಗೆ ಟೆನಿಸ್ ಚೆಂಡು ತುರುಕಿದ್ದರು ಅಂತ ಒಂದು ಕಥೆಯಿದೆ.) ಕಿರು ಸಂಖ್ಯೆಯ ನಿಜವಾದ ಉಪಕಾರ ಇದು. ನೆನಪಿಡಲು ಸುಲಭ ಅನ್ನುವುದು ಆಮೇಲಿನ ಮಾತು. ಬಾಯಿ ತೆರೆಯುವ ಮೊದಲೇ 'ಇದು ತುರ್ತು' ಎಂದು ಅಂಕಿಗಳೇ ಹೇಳಿಬಿಡುತ್ತವೆ.

ಮೂರೇ ಕಡಿತದ 111 ಎಲ್ಲಕ್ಕಿಂತ ಬೇಗ ಅಲ್ಲವೇ, 999 ಯಾಕೆ? ಕಂಬದ ಮೇಲಿನ ತಂತಿಗಳು ಗಾಳಿಗೆ ಒಂದಕ್ಕೊಂದು ತಾಗಿದರೆ ಇಂಥ ಒಂಟಿ ಕಡಿತಗಳು ತಾವಾಗಿಯೇ ಹುಟ್ಟುತ್ತವೆ. 111 ಇಟ್ಟಿದ್ದರೆ ಗಾಳಿಯೇ ಪೊಲೀಸರಿಗೆ ಫೋನ್ ಮಾಡುತ್ತಿತ್ತು. 000 ಇಡೋಣವೆಂದರೆ ಮೊದಲ 0ಗೇ ಕರೆ ಸಾಮಾನ್ಯ ಆಪರೇಟರಿಗೆ ಹೋಗುತ್ತಿತ್ತು. 9ಕ್ಕೆ ಎರಡು ಅನುಕೂಲವಿತ್ತು. ಕಾಸು ಹಾಕುವ ಫೋನುಗಳನ್ನು ಸ್ವಲ್ಪ ತಿದ್ದಿದರೆ 9 ಪುಕ್ಕಟೆಯಾಗಿ ಹೋಗುವಂತೆ ಮಾಡಬಹುದಿತ್ತು. ಜೊತೆಗೆ, ಹೊಗೆಯಲ್ಲಿ ಕತ್ತಲಲ್ಲಿ ಕಣ್ಣು ಕಾಣದಿದ್ದರೂ ಡಯಲ್ಲಿನ ಬೆರಳು ತಡೆಯುವ ಕೊಕ್ಕೆಯನ್ನು ತಡವಿ, ಅದರ ಪಕ್ಕದ 0, ಅದರಾಚೆಯ 9 ಅಂತ ಬೆರಳಲ್ಲೇ ಹುಡುಕಬಹುದಿತ್ತು.

ನ್ಯೂಜಿಲೆಂಡಿನ ಕಥೆ ಇನ್ನೂ ಸೊಗಸು. ಅಲ್ಲಿ 1958ರಲ್ಲಿ ಇಟ್ಟ ನಂಬರು 111. ಗಾಳಿಯ ಭಯ ಇರಲಿಲ್ಲವೇ? ಇರಲಿಲ್ಲ. ಆ ದೇಶದ ಡಯಲ್ಲಿನಲ್ಲಿ ಅಂಕಿಗಳು ತಿರುವುಮುರುವು. 1 ತಿರುಗಿಸಿದರೆ ಒಂಬತ್ತು ಕಡಿತ ಹೋಗುತ್ತಿತ್ತು. ಅಂದರೆ ಎಕ್ಸ್‌ಚೇಂಜಿನ ಯಂತ್ರಕ್ಕೆ ಅವರ 111 ಮತ್ತು ಲಂಡನ್ನಿನ 999 ಎರಡೂ ಒಂದೇ.

ಅಮೆರಿಕದ 911 ಬಂದದ್ದು 1968ರ ಫೆಬ್ರವರಿ 16ರಂದು, ಅಲಬಾಮದ ಹೇಲಿವಿಲ್ ಎಂಬ ಪುಟ್ಟ ಊರಿನಲ್ಲಿ. ಯುರೋಪು 112ನ್ನು ತನ್ನೆಲ್ಲ ಸದಸ್ಯ ದೇಶಗಳಿಗೆ ಸಾಮಾನ್ಯ ನಂಬರಾಗಿ ತೀರ್ಮಾನಿಸಿದ್ದು 1991ರಲ್ಲಿ. ಎಣಿಸಿ ನೋಡಿ: 999ಕ್ಕೆ 27 ಕಡಿತ, ನಮ್ಮ 100ಕ್ಕೆ 21, 112ಕ್ಕೆ ಬರೀ ನಾಲ್ಕು. ಕೊನೆಯ ಅಂಕಿ ಬೇರೆಯಾದ್ದರಿಂದ ತಂತಿಯ ದೋಷಕ್ಕೆ ಸುಲಭವಾಗಿ ತಾನಾಗಿ ಹುಟ್ಟುವುದೂ ಇಲ್ಲ. ಡಯಲ್ಲಿನ ಮೂರನೇ ತೂತಿಗೆ ಬೀಗ ಹಾಕಿದ್ದರೂ 1 ಮತ್ತು 2 ಆರಾಮಾಗಿ ತಿರುಗುತ್ತವೆ. ಬೀಗ ಹಾಕುವ ಹಿರಿಯರು ನಮ್ಮಲ್ಲಿ ಮಾತ್ರ ಇರಲಿಲ್ಲ ಅನ್ನಿ.

## ನಾಲ್ಕು ಬಾಗಿಲಿದ್ದಲ್ಲಿ ಒಂದು

ನಮ್ಮಲ್ಲಿ ಬಹುಕಾಲ ಒಂದೊಂದು ಕಷ್ಟಕ್ಕೂ ಒಂದೊಂದು ಬಾಗಿಲು. ಪೊಲೀಸರಿಗೆ 100, ಬೆಂಕಿಗೆ 101, ಆಂಬುಲೆನ್ಸಿಗೆ 102. 2005ರ ಆಗಸ್ಟ್ 15ರಂದು ಹೈದರಾಬಾದಿನಲ್ಲಿ 108 ಶುರುವಾಯಿತು. ಕರ್ನಾಟಕಕ್ಕೆ 'ಆರೋಗ್ಯ ಕವಚ' ಹೆಸರಿನಲ್ಲಿ 2008ರ ನವೆಂಬರ್ 1ರಂದು ಬಂತು. ಜಪಮಾಲೆಯ ಮಣಿ ಎಣಿಸುವ ನಾಡಿನಲ್ಲಿ 108ನ್ನು ಯಾರಿಗೂ ಬಾಯಿಪಾಠ ಮಾಡಿಸಬೇಕಾಗಲಿಲ್ಲ. 108 ಬಂದ ಮೇಲೆ 102 ಹೆಚ್ಚಾಗಿ ಬಸುರಿ ಬಾಣಂತಿಯರನ್ನೂ ಹಸುಗೂಸುಗಳನ್ನೂ ಕರೆದೊಯ್ಯುವ ಗಾಡಿಯಾಯಿತು. 104 ಗಾಡಿಯದಲ್ಲ, ಸಲಹೆಯದು: ಜ್ವರಕ್ಕೆ ಏನು ಮಾಡಬೇಕು ಎಂಬಂಥ ಪ್ರಶ್ನೆಗೆ.

ಬಾಗಿಲು ಹೆಚ್ಚಾದಷ್ಟೂ ಗೊಂದಲ ಹೆಚ್ಚು. ಲಾರಿ ಬಸ್ಸಿಗೆ ಗುದ್ದಿ ಬೆಂಕಿ ಹತ್ತಿಕೊಂಡರೆ ಬೇಕಾದವರು ಮೂವರೂ. ಮೂರು ಸಲ ಫೋನ್ ಮಾಡಿ ಮೂರು ಸಲ ಜಾಗ ಹೇಳುವ ಸ್ಥಿತಿಯಲ್ಲಿ ಯಾರಿರುತ್ತಾರೆ? 2012ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ನಡೆದ 'ನಿರ್ಭಯಾ' ಅತ್ಯಾಚಾರದ ಘಟನೆಯ ನಂತರ ಒಂದೇ ತುರ್ತು ನಂಬರು ಬೇಕೆಂಬ ಮಾತಿಗೆ ಬಲ ಬಂತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2015ರ ಏಪ್ರಿಲಿನಲ್ಲಿ 112ನ್ನು ಶಿಫಾರಸು ಮಾಡಿತು. ಮಹಿಳೆಯರ ಸುರಕ್ಷತೆಗೆಂದು ಕೇಂದ್ರ ತೆಗೆದಿಟ್ಟ ನಿರ್ಭಯಾ ನಿಧಿಯ ಹಣದಲ್ಲಿ ಕೆಲಸ ನಡೆದು, 2018ರ ನವೆಂಬರಿನಲ್ಲಿ ಹಿಮಾಚಲ ಪ್ರದೇಶದಲ್ಲಿ ಮೊದಲು ಶುರುವಾಯಿತು. 2019ರ ಫೆಬ್ರವರಿ 19ರಂದು 16 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಒಟ್ಟಿಗೆ ಚಾಲನೆ ಕೊಟ್ಟರು.

ಕಂಟ್ರೋಲ್ ರೂಮಿನಲ್ಲಿ ಕೆಲಸ ಎರಡು ಕೈಗಳಲ್ಲಿ ನಡೆಯುತ್ತದೆ. ಕರೆ ಎತ್ತುವವರು ಕೇಳುತ್ತಾ ಕೇಳುತ್ತಾ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಾರೆ: ಎಲ್ಲಿ, ಏನು, ಎಷ್ಟು ಜನ, ಯಾರಿಗಾದರೂ ಪೆಟ್ಟಾಗಿದೆಯೇ. ಆ ಮಾಹಿತಿ ಪಕ್ಕದ ವಿಭಾಗದವರ ಪರದೆಗೆ ಹೋಗುತ್ತದೆ. ಹತ್ತಿರದಲ್ಲಿ ಯಾವ ಹೊಯ್ಸಳ ಗಾಡಿ ಇದೆ ಅಂತ ನಕ್ಷೆಯಲ್ಲಿ ನೋಡಿ ಕಳಿಸುವುದು ಅವರ ಕೆಲಸ. "ಪ್ರಶ್ನೆ ಕೇಳ್ತಾ ಕೂತಿದ್ದಾರೆ, ಗಾಡಿ ಕಳಿಸ್ತಿಲ್ಲ" ಎಂದು ನಾವು ಸಿಡುಕುವ ಹೊತ್ತಿಗೆ ಗಾಡಿಗೆ ಆಗಲೇ ಸೂಚನೆ ಹೋಗಿರಬಹುದು. ಪ್ರಶ್ನೆಗಳು ಗಾಡಿಯನ್ನು ತಡೆದಿಟ್ಟು ಕೇಳುವಂಥವಲ್ಲ.

ಹಳೆಯ ಬಾಗಿಲುಗಳನ್ನು ಒಮ್ಮೆಲೇ ಮುಚ್ಚಿಲ್ಲ. ಅರವತ್ತು ದಾಟಿದವರ ಬೆರಳು ಇವತ್ತಿಗೂ 100ರ ಕಡೆಗೇ ಹೋಗುತ್ತದಲ್ಲ. ಆ ಕರೆಗಳನ್ನು 112ರ ಕೇಂದ್ರಕ್ಕೇ ತಿರುಗಿಸುವ ಏರ್ಪಾಡು ಮಾಡಲಾಗಿದೆ.

## 'ತುರ್ತು ಕರೆ ಮಾತ್ರ' ಅಂದರೇನು

ಘಟ್ಟದಲ್ಲಿ ಹೋಗುವಾಗ ಮೊಬೈಲಿನ ತಲೆಯ ಮೇಲೆ 'ತುರ್ತು ಕರೆಗಳು ಮಾತ್ರ' ಎಂಬ ಸಾಲು ಕಾಣಿಸುವುದುಂಟು. ಇದನ್ನು ಸಿಗ್ನಲ್ ಇಲ್ಲ ಎಂದೇ ಅನೇಕರು ಓದಿಕೊಳ್ಳುತ್ತಾರೆ. ಅರ್ಥ ಅದಲ್ಲ. ನಿಮ್ಮ ಕಂಪನಿಯ ಟವರು ಇಲ್ಲ, ಆದರೆ ಬೇರೆ ಯಾರದೋ ಟವರು ಇದೆ ಎಂದರ್ಥ. ಮಾಮೂಲಿ ಕರೆಗೆ ಆ ಟವರು ನಿಮ್ಮನ್ನು ಒಳಗೆ ಬಿಡುವುದಿಲ್ಲ. 112 ಒತ್ತಿದರೆ ಬಿಡುತ್ತದೆ.

ಮೊಬೈಲಿಗೆ 112 ಹುಟ್ಟಿನಿಂದಲೇ ಗೊತ್ತು. ಜಿಎಸ್‌ಎಂ ಎಂಬ ಮೊಬೈಲ್ ಮಾನದಂಡ ರೂಪಿಸಿದಾಗಲೇ ಅದನ್ನು ತುರ್ತು ನಂಬರೆಂದು ಬರೆದಿಟ್ಟರು. ಫೋನು ಅದನ್ನು ಗುರುತು ಹಿಡಿದು 'ಇದು ತುರ್ತು ಕರೆ' ಎಂಬ ಮುದ್ರೆ ಒತ್ತಿ ಕಳಿಸುತ್ತದೆ. 1937ರ ಕೆಂಪು ದೀಪವೇ, ಈಗ ಕಣ್ಣಿಗೆ ಕಾಣದ ರೂಪದಲ್ಲಿದೆ. ಪರದೆ ಲಾಕ್ ಆಗಿದ್ದರೂ ಪಾಸ್‌ವರ್ಡ್ ಇಲ್ಲದೆ ತುರ್ತು ಕರೆ ಮಾಡಬಹುದಾದ್ದೂ ಇದರಿಂದಲೇ. ದಾರಿಯಲ್ಲಿ ಬಿದ್ದವರ ಫೋನಿನಿಂದಲೇ ಸಹಾಯ ಕರೆಯಬಹುದು ಅಂತ ಗೊತ್ತಿದ್ದರೆ ಒಳ್ಳೆಯದು. ಯಾವ ಕಂಪನಿಯ ಟವರೂ ಇಲ್ಲದ ಜಾಗದಲ್ಲಿ ಮಾತ್ರ 112 ಕೂಡ ಏನೂ ಮಾಡಲಾರದು.

2017ರಿಂದ ನಮ್ಮ ದೇಶದಲ್ಲಿ ಮಾರುವ ಮೊಬೈಲುಗಳಲ್ಲಿ ಪ್ಯಾನಿಕ್ ಬಟನ್ ಇರಬೇಕೆಂಬ ನಿಯಮವಿದೆ. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯುವುದು, ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ನನ್ನು ಬೇಗಬೇಗ ಮೂರು ಸಲ ಒತ್ತುವುದು ಅಂತ ಆ ನಿಯಮ ಹೇಳಿತು. ಈಗಿನ ಫೋನುಗಳಲ್ಲಿ ಈ ಎಣಿಕೆ ಬೇರೆ ಇರಬಹುದು, ಸೆಟ್ಟಿಂಗ್ಸಿನಲ್ಲಿ ಒಮ್ಮೆ ನೋಡಿಟ್ಟುಕೊಳ್ಳಿ.

"ಎಲ್ಲಿದ್ದೇನೆ ಅಂತ ಅವರಿಗೇ ಗೊತ್ತಾಗಲ್ವಾ?" ಎಂಬ ಪ್ರಶ್ನೆ ಬರುತ್ತದೆ. ಅರ್ಧ ಗೊತ್ತಾಗುತ್ತದೆ. ಟವರು ಯಾವುದು ಎಂಬುದು ತಿಳಿದರೂ ಒಂದು ಟವರಿನ ಹರವು ಪೇಟೆಯಲ್ಲಿ ಕೆಲವು ಬೀದಿಗಳಾದರೆ, ಹಳ್ಳಿಗಾಡಿನಲ್ಲಿ ಹಲವಾರು ಕಿಲೋಮೀಟರು. ಹಾಗಾಗಿ ಹೆಸರಿಗಿಂತ ಮೊದಲು ಜಾಗ ಹೇಳಬೇಕು. ಹೆದ್ದಾರಿಯಲ್ಲಿದ್ದರೆ ಹತ್ತಿರದ ಕಿಲೋಮೀಟರ್ ಕಲ್ಲಿನ ಮೇಲಿನ ಅಂಕಿಯನ್ನೂ ಯಾವ ಊರಿನ ಕಡೆಗೆ ಹೋಗುವ ಬದಿ ಎಂಬುದನ್ನೂ ಹೇಳಿ. ರಸ್ತೆ ಮಧ್ಯೆ ಗೋಡೆಯಿರುವ ಹೆದ್ದಾರಿಯಲ್ಲಿ ಬದಿ ತಪ್ಪಿದರೆ ಗಾಡಿ ಮುಂದಿನ ತಿರುವಿನ ತನಕ ಹೋಗಿ ಬರಬೇಕಾಗುತ್ತದೆ.

## ಮೂರಂಕಿಯ ಸೈಟು ಸಿಗುವುದು ಕಷ್ಟ

1ರಿಂದ ಶುರುವಾಗುವ ಮೂರಂಕಿಯ ನಂಬರು ಎಷ್ಟಿರಲು ಸಾಧ್ಯ? 100ರಿಂದ 199, ಒಟ್ಟು ನೂರು. ಅದರಲ್ಲಿ ಒಂದನ್ನು ಕೊಟ್ಟರೆ, ಮೇಲೆ ಹೇಳಿದ ಗೊಂದಲ ಬರಬಾರದೆಂದು ಅದರ ಕೆಳಗಿನ ಹತ್ತು ನಾಲ್ಕಂಕಿಗಳನ್ನೂ ಮುಟ್ಟುವಂತಿಲ್ಲ. 112 ಕೊಟ್ಟ ಮೇಲೆ 1120ರಿಂದ 1129ರ ತನಕ ಖಾಲಿ ಬಿಡಬೇಕು. ಪೇಟೆ ಮಧ್ಯದ ಮೂಲೆ ಸೈಟಿನ ಹಾಗೆ: ಕಡಿಮೆ ಇವೆ, ಎಲ್ಲರಿಗೂ ಬೇಕು. ಅದಕ್ಕೇ ಹೊಸ ಸೇವೆಗಳು ಊರಾಚೆಯ ಬಡಾವಣೆಗೆ, ಅಂದರೆ ನಾಲ್ಕು, ಐದು ಅಂಕಿಗೆ ಹೋಗುತ್ತಿವೆ. ಕರೆಂಟ್ ಹೋದರೆ 1912, ಅಡುಗೆ ಅನಿಲ ಸೋರಿದರೆ 1906, ಹೆದ್ದಾರಿಯಲ್ಲಿ ತೊಂದರೆಯಾದರೆ 1033. 2022ರ ಅಕ್ಟೋಬರ್ 10ರಂದು ಶುರುವಾದ ಮಾನಸಿಕ ಆರೋಗ್ಯದ 'ಟೆಲಿ ಮಾನಸ್' ನಂಬರು 14416. ದೇಶಕ್ಕೆಲ್ಲ ಅದರ ಮುಖ್ಯ ಕೇಂದ್ರ ನಮ್ಮ ಬೆಂಗಳೂರಿನ ನಿಮ್ಹಾನ್ಸ್. ಹಿರಿಯ ನಾಗರಿಕರ ಸಹಾಯವಾಣಿ 14567.

ಉದ್ದವಾದಷ್ಟೂ ನೆನಪಿಡುವುದು ಕಷ್ಟ. ಅದಕ್ಕೆ ಜಾಣತನದ ಪರಿಹಾರ ಕಂಡವರು ಮಕ್ಕಳ ಸಹಾಯವಾಣಿಯವರು. 1996ರಲ್ಲಿ ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯಲ್ಲಿದ್ದ ಜೆರೂ ಬಿಲಿಮೋರಿಯಾ ಬೀದಿ ಮಕ್ಕಳಿಗಾಗಿ ಶುರುಮಾಡಿದ ಸೇವೆ ಅದು. ನಂಬರು 1098. ಸಾವಿರದ ತೊಂಬತ್ತೆಂಟು ಅಂತ ಓದಿದರೆ ನೆನಪಿರುವುದಿಲ್ಲ. ಹತ್ತು, ಒಂಬತ್ತು, ಎಂಟು ಅಂತ ಹಿಂದಕ್ಕೆ ಎಣಿಸಿ. ಓದು ಬಾರದ ಮಗುವಿಗೂ ಮರೆಯುವುದಿಲ್ಲ.

ಸೈಬರ್ ವಂಚನೆಯ ನಂಬರು ಇದೇ ಪಾಠವನ್ನು ತಡವಾಗಿ ಕಲಿಯಿತು. 2021ರಲ್ಲಿ ಅದು ಶುರುವಾದಾಗ ಆರಂಕಿಯ 155260. ದುಡ್ಡು ಕಳೆದುಕೊಂಡು ಕೈ ನಡುಗುವವರಿಗೆ ಆರಂಕಿ ಎಲ್ಲಿ ನೆನಪಿಗೆ ಬರಬೇಕು? 2022ರಲ್ಲಿ ಅದು 1930 ಆಯಿತು. ಈ ನಂಬರಿನ ಹಿಂದೆ ಪೊಲೀಸರನ್ನೂ ಬ್ಯಾಂಕುಗಳನ್ನೂ ಒಂದೇ ಸರಪಳಿಗೆ ಕಟ್ಟಿದ ವ್ಯವಸ್ಥೆಯಿದೆ. ಕದ್ದ ಹಣ ಒಂದು ಖಾತೆಯಲ್ಲಿ ನಿಲ್ಲುವುದಿಲ್ಲ, ಒಂದರಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ. 1930ಕ್ಕೆ ದೂರು ಹೋದರೆ ಹಣ ಹಾರಿದ ಖಾತೆಗಳ ಜಾಡು ಹಿಡಿದು, ಎಲ್ಲಿ ಸಿಕ್ಕಿತೋ ಅಲ್ಲಿ ತಡೆಹಿಡಿಯುವಂತೆ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಎಟಿಎಂನಿಂದ ನೋಟಾಗಿ ಹೊರಬಿದ್ದ ಹಣವನ್ನು ಮಾತ್ರ ಯಾರೂ ತಡೆಯಲಾರರು. ಹಾಗಾಗಿ ಇಲ್ಲಿ ನಿಮಿಷಗಳೂ ಲೆಕ್ಕ. ಕರೆ ಮಾಡುವಾಗ ಹಣ ಹೋದ ಸಮಯ, ಮೊತ್ತ, ಮೆಸೇಜಿನಲ್ಲಿರುವ ವಹಿವಾಟಿನ ಸಂಖ್ಯೆ ಕೈಯಲ್ಲಿರಲಿ.

ಸೈಟು ಉಳಿಸಲು ಇನ್ನೊಂದು ದಾರಿ ಮನೆಗಳನ್ನು ಒಂದಾಗಿಸುವುದು. ರೈಲ್ವೆಯವರು ಮಾಡಿದ್ದು ಇದನ್ನೇ. ರೈಲಿನಲ್ಲಿ ಸುರಕ್ಷತೆಗೆ 182, ದೂರಿಗೆ 138, ವಿಚಾರಣೆಗೆ 139 ಎಂದಿದ್ದದ್ದು 2021ರ ಏಪ್ರಿಲಿನ ಹೊತ್ತಿಗೆ 139 ಒಂದೇ ಆಯಿತು.

1800ರಿಂದ ಶುರುವಾಗುವ ಉದ್ದದ ನಂಬರು ಬೇರೆ ಜಾತಿ. ಅದರಲ್ಲಿ ಕರೆಯ ಖರ್ಚು ಎತ್ತುವವರದು, ಮಾಡುವವರದಲ್ಲ. ಅದರ ಹಾಗೇ ಕಾಣುವ 1860ಕ್ಕೆ ಖರ್ಚು ಮಾಡುವವರದೇ.

## ಸ್ಟಾರ್, ಹ್ಯಾಶ್ ಇರುವ ನಂಬರುಗಳು

*#06# ಒತ್ತಿದರೆ ಫೋನಿನ ಐಎಂಇಐ ಸಂಖ್ಯೆ, ಅಂದರೆ ಆ ಫೋನಿನದೇ ಆದ ಗುರುತಿನ ಸಂಖ್ಯೆ ಕಾಣುತ್ತದೆ. ಇದು ಕರೆಯೇ ಅಲ್ಲ; ಫೋನು ತನ್ನ ಜೇಬನ್ನೇ ತಡಕಿ ತೋರಿಸುವುದು, ಸಿಗ್ನಲ್ ಬೇಕಿಲ್ಲ. *99# ಹಾಗಲ್ಲ. ಅದು ಜಾಲಕ್ಕೆ ಹೋಗುವ ಪುಟ್ಟ ಚೀಟಿ. ಇಂಟರ್ನೆಟ್ ಇಲ್ಲದ ಕೀಪ್ಯಾಡ್ ಫೋನಿನಲ್ಲೂ ಬ್ಯಾಂಕಿನ ಬಾಕಿ ನೋಡಲು, ಹಣ ಕಳಿಸಲು ಇದು ದಾರಿ.

ಎಚ್ಚರ ಬೇಕಿರುವುದು ಮೂರನೆಯ ಬಗೆಯಲ್ಲಿ. "ಪಾರ್ಸೆಲ್ ಬಂದಿದೆ, *401* ಒತ್ತಿ ಮುಂದೆ ಈ ನಂಬರು ಹಾಕಿ" ಎಂದು ಯಾರಾದರೂ ಹೇಳಿದರೆ ಅದು ನಿಮಗೆ ಬರುವ ಕರೆಗಳನ್ನೆಲ್ಲ ಆ ನಂಬರಿಗೆ ತಿರುಗಿಸುವ ಆಜ್ಞೆ. ಫೋನಿನಲ್ಲಿ ಒಟಿಪಿ ಓದಿ ಹೇಳುವ ಕರೆಯೂ ಅವರಿಗೇ ಹೋಗುತ್ತದೆ. ಈ ಮೋಸ ಹೆಚ್ಚಿದ್ದರಿಂದ ಹೀಗೆ ಕೋಡ್ ಒತ್ತಿ ಕರೆ ತಿರುಗಿಸುವ ಸೌಲಭ್ಯವನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಲು ದೂರಸಂಪರ್ಕ ಇಲಾಖೆ ಆದೇಶಿಸಿತು.

## ಆ ಕಡೆಯಿಂದಲೇ ಕರೆ ಬಂದರೆ

ಕಿರು ಸಂಖ್ಯೆಯನ್ನು ಯಾರೂ ಅಂಗಡಿಯಲ್ಲಿ ಕೊಳ್ಳಲಾಗದು. ಹಾಗಾಗಿ ನೀವಾಗಿ 1930 ಒತ್ತಿದರೆ ಅದು ಸರಿಯಾದ ಜಾಗಕ್ಕೇ ಹೋಗುತ್ತದೆ ಎಂದು ನಂಬಬಹುದು. ಗೂಗಲ್ಲಿನಲ್ಲಿ ಹುಡುಕಿ ಸಿಗುವ 'ಕಸ್ಟಮರ್ ಕೇರ್' ಎಂಬ ಹತ್ತಂಕಿಯ ಮೊಬೈಲ್ ನಂಬರಿಗೆ ಈ ಭರವಸೆ ಇಲ್ಲ. ಆದರೆ ತಿರುಗಿಸಿ ನೋಡಿದರೆ ಲೆಕ್ಕ ತಪ್ಪುತ್ತದೆ: ನಿಮ್ಮ ಪರದೆಯ ಮೇಲೆ 1930 ಎಂದು ಮೂಡಿ ಬಂದ ಕರೆ ನಿಜವಾಗಿಯೂ ಅಲ್ಲಿಂದಲೇ ಬಂದಿದೆ ಎನ್ನಲಾಗದು. ಪರದೆಯಲ್ಲಿ ಮೂಡುವ ನಂಬರು ಲಕೋಟೆಯ ಹಿಂದೆ ಬರೆದ 'ಇಂದ' ವಿಳಾಸ. ಏನು ಬೇಕಾದರೂ ಬರೆಯಬಹುದು. ಲಕೋಟೆಯ ಮುಂದೆ ಬರೆದ 'ಗೆ' ವಿಳಾಸಕ್ಕೆ ಮಾತ್ರ ಅಂಚೆಯವರು ಹೊಣೆ. ಅನುಮಾನ ಬಂದರೆ ಕಟ್ ಮಾಡಿ, ನೀವೇ ಆ ನಂಬರನ್ನು ಒತ್ತಿ ಕೇಳಿ.

ಒಳಬರುವ ಕರೆಗೂ ಸ್ವಲ್ಪ ಗುರುತು ಸಿಗಲಿ ಎಂದು ಇಲಾಖೆ ಎರಡು ಸಾಲು ಬೇರ್ಪಡಿಸಿದೆ. ಮಾರಾಟದ ಕರೆಗಳಿಗೆ 140ರಿಂದ ಶುರುವಾಗುವ ಸಾಲು, ಬ್ಯಾಂಕು, ವಿಮೆ, ಸರ್ಕಾರಿ ಕಚೇರಿಗಳ ಸೇವೆಯ ಕರೆಗಳಿಗೆ 1600ರ ಸಾಲು. ಇತ್ತೀಚೆಗೆ ಪರದೆಯ ಮೇಲೆ 1600 ಎಂದು ಮೂಡುವ ಹತ್ತಂಕಿಯ ನಂಬರು ನೋಡಿ ಬೆಚ್ಚಿದವರಿದ್ದಾರೆ. ಅದು ಈ ಸಾಲಿನದು. ಹಾಗೆಂದು 1600ರಿಂದ ಬಂದ ಕರೆಗೂ ಒಟಿಪಿ ಹೇಳಬೇಕಾದ್ದಿಲ್ಲ.

## ಹಾಗಾದರೆ ಪುಣೆಯ ಮಗಳು ಏನು ಮಾಡಬೇಕಿತ್ತು?

ಆಕೆಗೆ ಬೇಕಿದ್ದದ್ದು 'ಅಜ್ಜಿ' ಅಲ್ಲ, ಅಜ್ಜಿಯ ಪೂರ್ತಿ ಹೆಸರು. ಅಂದರೆ ಎಲ್ಲಿಂದ ಒತ್ತಿದರೂ ಧಾರವಾಡದಲ್ಲೇ ರಿಂಗಾಗುವ ನಂಬರು: ತಾಯಿಯ ಮನೆ ಹತ್ತಿರದ ಆಸ್ಪತ್ರೆಯದು, ಜಿಲ್ಲಾ ಪೊಲೀಸ್ ಕಂಟ್ರೋಲ್ ರೂಮಿನದು, ಎಸ್‌ಟಿಡಿ ಕೋಡ್ ಸಮೇತ. ಕೆಲವು ಕಿರು ಸಂಖ್ಯೆಗಳನ್ನೂ ಹೀಗೆ ಊರು ಸೇರಿಸಿ ಕರೆಯಬಹುದು. ಜಿಲ್ಲಾ ವಿಪತ್ತು ನಿರ್ವಹಣಾ ಕೇಂದ್ರದ 1077 ಅಂಥದ್ದು. 2018ರ ಕೇರಳ ಪ್ರವಾಹದಲ್ಲಿ ಹೊರಗಿದ್ದ ಮಕ್ಕಳಿಗೆ ಹೇಳಿದ್ದು ಇದನ್ನೇ: ಬರೀ 1077 ಒತ್ತಬೇಡಿ, ನಿಮ್ಮವರಿರುವ ಜಿಲ್ಲೆಯ ಎಸ್‌ಟಿಡಿ ಕೋಡ್ ಹಾಕಿ 1077 ಒತ್ತಿ. ವಿದೇಶದಲ್ಲಿರುವ ಮಕ್ಕಳಂತೂ +91 ಹಾಕಿ 112 ಒತ್ತಿ ಇಲ್ಲಿಯ ಕಂಟ್ರೋಲ್ ರೂಮು ಸಿಗುತ್ತದೆಂದು ಕಾಯುವುದು ಬೇಡ. ಅವರಿಗೂ ಉದ್ದನೆಯ ನಂಬರೇ ಗತಿ.

ಎಲ್ಲಕ್ಕಿಂತ ಬೇಗ ಆಗುವ ಕೆಲಸ ಇನ್ನೊಂದಿದೆ. ಪಕ್ಕದ ಮನೆಯವರಿಗೆ ಫೋನ್ ಮಾಡಿ, "ನಮ್ಮ ಅವ್ವ ಬಿದ್ದಾರ್ರೀ, ಒಂದೀಟು 108ಕ್ಕ ಹಚ್ಚರಿ" ಅನ್ನುವುದು. ಅವರ ಫೋನು ಹಿಡಿದಿರುವುದು ಧಾರವಾಡದ ಟವರು.